ಕೆರೆ ಹೋಯಿತು, ಕರಗ ಉಳಿಯಿತು

ನಮ್ಮೂರು ಹತ್ತಿಮತ್ತೂರು, ಸವಣೂರು ತಾಲೂಕು. ಸಣ್ಣವನಿದ್ದಾಗ ಅಜ್ಜಿಯ ಹಿಂದೆ ನೀರಿಗೆ ಹೋಗುತ್ತಿದ್ದೆ. ಆಕೆಯ ತಲೆ ಮೇಲೆ ಸಿಂಬಿ, ಸಿಂಬಿ ಮೇಲೊಂದು ಕೊಡ, ಬಗಲಲ್ಲಿ ಇನ್ನೊಂದು. ನನ್ನ ಕೈಯಲ್ಲೊಂದು ಚರಿಗೆ. ಅದು ತುಳುಕಿದಾಗೆಲ್ಲ ಅಜ್ಜಿಯದು ಒಂದೇ ಮಾತು, "ನೀರ ಕಡೆ ನೋಡಬ್ಯಾಡೋ, ದಾರಿ ನೋಡಿ ನಡಿ." ಹೊತ್ತು ಹೊತ್ತು ಆಕೆಯ ನಡುನೆತ್ತಿಯ ಕೂದಲೇ ಸವೆದುಹೋಗಿತ್ತು.

ಆ ನೆತ್ತಿ ಮತ್ತೆ ನೆನಪಾದದ್ದು ಬೆಂಗಳೂರಿನಲ್ಲಿ. ಚೈತ್ರ ಹುಣ್ಣಿಮೆಯ ನಡುರಾತ್ರಿ, ಧರ್ಮರಾಯಸ್ವಾಮಿ ಗುಡಿಯ ಮುಂದೆ ಜನಜಂಗುಳಿಯಲ್ಲಿ ನಿಂತು ಮೊದಲ ಸಲ ಕರಗ ನೋಡಿದೆ. ಸೀರೆ ಉಟ್ಟು, ಬಳೆ ತೊಟ್ಟು, ಹೆಣ್ಣಾಗಿ ಬಂದ ಗಂಡಸಿನ ತಲೆ ಮೇಲೆ ಮಲ್ಲಿಗೆಯ ಗೋಪುರ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಕೈಯಲ್ಲಿ ಹಿಡಿಯುವಂತಿಲ್ಲ, ಬೀಳಿಸುವಂತಿಲ್ಲ. ಬೆಳಗಿನವರೆಗೆ ಹಳೇ ಪೇಟೆಯ ಬೀದಿಗಳಲ್ಲೇ ನಡಿಗೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುವುದು ಸಂಪ್ರದಾಯ.

ಇದನ್ನು ಪೂಜೆ ಅನ್ನಿ, ಕುಣಿತ ಅನ್ನಿ. ನನಗಂತೂ ಕಂಡದ್ದು ಕೊಡ ಹೊತ್ತ ಒಂದು ಮೈ, ಅಷ್ಟೇ.

ಕರಗ ನಡೆಸುವವರು ತಿಗಳರು. ಕೆರೆಗಳ ನೀರು ನಂಬಿ ಹೂವು, ತರಕಾರಿ ಬೆಳೆದು ಊರಿಗೆ ಕೊಟ್ಟವರು. ಕರಗಕ್ಕೂ ಕೆರೆಗೂ ಹಳೆಯ ನಂಟು. ಹಸಿ ಕರಗದ ಶಾಸ್ತ್ರ ನಡೆಯುತ್ತಿದ್ದದ್ದು ಸಂಪಂಗಿ ಕೆರೆಯ ಬಳಿ. ಈಗ ಸಂಪಂಗಿ ಕೆರೆ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಂಠೀರವ ಕ್ರೀಡಾಂಗಣ ಎಲ್ಲಿ ಅಂತ ಕೇಳಿ ನೋಡಿ, ಆಟೋದವರು ನೇರ ಅಲ್ಲಿಗೇ ಬಿಡುತ್ತಾರೆ! ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಚಳ್ಳಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು.

ಹೀಗೇಕಾಯಿತು? 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯೇ ಬಂದಳು. ಮನೆಯಲ್ಲೇ ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆ ಯಾರಿಗೆ ಬೇಕು? ನೀರಾಗಿ ಕಾಣುತ್ತಿದ್ದದ್ದು ಖಾಲಿ ಜಾಗವಾಗಿ ಕಾಣತೊಡಗಿತು. ಕೊಡ ಹೊರುವ ಕಷ್ಟ ತಪ್ಪಿತು, ನಿಜ. ಅಜ್ಜಿಯ ನೆತ್ತಿ ನೋಡಿದ ನಾನು ಅದು ತಪ್ಪು ಅನ್ನಲಾರೆ. ಆದರೆ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ನಮ್ಮ ಮೈ ಮರೆತೇಬಿಟ್ಟಿತು.

ನೀರಿಗೇನೂ ಮರೆವಿಲ್ಲ ಬಿಡಿ. ಜೋರು ಮಳೆಯಾದರೆ ರಸ್ತೆಯನ್ನೇ ಕೆರೆ ಮಾಡುತ್ತದೆ. 2015ರಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ತಂದಿಟ್ಟರು. 2017ರಲ್ಲಿ ಇನ್ನೊಂದು ಗುಂಡಿಯ ನೀರಲ್ಲಿ ಮತ್ಸ್ಯಕನ್ಯೆಯನ್ನೇ ಕೂರಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅನಿಸಿತು, ಕರಗ ಹೇಳುವುದೂ ಇದನ್ನೇ ಅಲ್ಲವೇ? ಇಲ್ಲಿ ನೀರಿತ್ತು ಅಂತ ಒಂದು ಮೈ ನಡುಬೀದಿಗೆ ಬಂದು ತೋರಿಸುತ್ತದೆ.

ಕಂಠೀರವದ ಆವರಣದಲ್ಲಿ ಕರಗಕ್ಕೆಂದೇ ಉಳಿಸಿದ ಪುಟ್ಟ ಕೊಳವೊಂದಿದೆ. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದದ್ದು ಅಷ್ಟೇ. ಅದೂ ಉಳಿದದ್ದು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಲೇಬೇಕು ಅನ್ನುವವರು ಇದ್ದುದರಿಂದ.

ಅಂದ ಹಾಗೆ, ನಿಮ್ಮೂರ ಕೆರೆಗೆ ಈಗಲೂ ಯಾರಾದರೂ ಹೋಗುತ್ತಾರಾ? ಯಾತಕ್ಕೆ? ತಿಳಿಸಿ.