ಗೂನು ಬೆನ್ನಿನ ಚರಿತ್ರೆ

ಘಾಟ್ಕೋಪರ್‌ನ ನಮ್ಮ ಚಾಳಿನಲ್ಲಿ, ನಾನು ಚಿಕ್ಕವಳಿದ್ದಾಗ, ಪಕ್ಕದ ಖೋಲಿಯಲ್ಲಿ ಅಕ್ಕ ಒಬ್ಬರಿದ್ದರು. ನೀರಿನ ಹಂಡೆ ಹೊತ್ತೂ ಹೊತ್ತೂ ಅವರ ಬೆನ್ನು ಬಾಗಿತೆಂದೇ ಎಲ್ಲರೂ ನಂಬಿದ್ದೆವು. ಎಣ್ಣೆ ತಿಕ್ಕಿದ್ದೂ ಆಯಿತು. ಕಾಲು ಜೋಮು ಹಿಡಿದ ಮೇಲೆ ಎಕ್ಸ್‌ರೇ ತೆಗೆಸಿದರೆ, ಬೆನ್ನುಮೂಳೆಯ ಕ್ಷಯ! ಕ್ಷಯವೆಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದ ಕಾಲ ಅದು.

ಇಂದು ಬೆನ್ನಿನ ಶಸ್ತ್ರಚಿಕಿತ್ಸೆ ಎಂದರೆ ಸ್ಕ್ರೂ, ರಾಡ್, ರೋಬೋಟ್ ಎನ್ನುತ್ತೇವೆ. ಈ ವಿದ್ಯೆ ಬೆಳೆದದ್ದರಲ್ಲಿ ಕ್ಷಯದ ಗೂನಿನ ಪಾಲು ದೊಡ್ಡದು. ಗೂನಿಗೂ ಕಾಲಿನ ಬಲಹೀನತೆಗೂ ಇರುವ ನಂಟನ್ನು 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಬರೆದಿಟ್ಟರು. ರೋಗಾಣುವನ್ನು ಕಾಕ್ ಕಂಡುಹಿಡಿದದ್ದು 1882ರಲ್ಲಿ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ, ಬೇರೆಬೇರೆಯಾಗಿ, ಕಶೇರುಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಆಲ್ಬೀ ಬಳಸಿದ್ದು ರೋಗಿಯದೇ ಮೊಣಕಾಲ ಕೆಳಗಿನ ಮೂಳೆಯ ಚೂರು!

ಆದರೆ ಕ್ಷಯ ತಿನ್ನುವುದು ಹೆಚ್ಚಾಗಿ ಕಶೇರುವಿನ ಮುಂಭಾಗವನ್ನು. ಅದು ಕುಸಿದಾಗ ಬೆನ್ನು ಮುಂದಕ್ಕೆ ಬಾಗುತ್ತದೆ. ಹಾಗಾಗಿ ಹಾಂಗ್‌ಕಾಂಗ್‌ನ ಹಾಡ್ಜ್‌ಸನ್ ಮತ್ತು ಸ್ಟಾಕ್ ಮುಂದಿನಿಂದಲೇ ಹೋಗಿ, ಕೊಳೆತ ಮೂಳೆ ತೆಗೆದು ಹೊಸ ಮೂಳೆ ಕೂರಿಸಿದ್ದನ್ನು 1956ರಲ್ಲಿ ವರದಿ ಮಾಡಿದರು. ದೊಡ್ಡ ಸಾಹಸವೇ.

ನಮ್ಮ ದೇಶದಲ್ಲಿ ರೋಗಿಗಳು ಬಹಳ, ಆಪರೇಷನ್ ಥಿಯೇಟರುಗಳು ಕಡಿಮೆ. ವಾರಣಾಸಿಯ ಡಾ. ಎಸ್. ಎಂ. ತುಲಿ 'ಮಧ್ಯಮ ಮಾರ್ಗ'ವನ್ನು ಮುಂದಿಟ್ಟರು. ಅದರ ಫಲಿತಾಂಶ 1975ರಲ್ಲಿ ಪ್ರಕಟವಾಯಿತು. ಮೊದಲು ಔಷಧ, ಅದಕ್ಕೆ ಬಗ್ಗದಿದ್ದರೆ, ಕಾಲಿನ ಶಕ್ತಿ ಮರಳದಿದ್ದರೆ ಮಾತ್ರ ಕತ್ತಿ. ಯಂತ್ರವೇನೂ ಇಲ್ಲದ ಈ ವಿಚಾರವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಆವಿಷ್ಕಾರ.

ಈಗ ಎಕ್ಸ್‌ರೇಯಲ್ಲಿ ಕಾಣುವ ಮೊದಲೇ ಎಂಆರ್‌ಐ ರೋಗ ತೋರಿಸುತ್ತದೆ. ಸಿಟಿ ನೋಡುತ್ತಾ ಸೂಜಿಯಿಂದ ಮಾದರಿ ತೆಗೆಯಬಹುದು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ, ರೋಗಾಣು ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂದು ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಸ್ಕ್ರೂ ಹಾಕಿಸಿಕೊಂಡವರು ಬೇಗ ಎದ್ದು ನಡೆಯುತ್ತಾರೆ, ಆದರೆ ಸ್ಕ್ರೂ ರೋಗಾಣುವನ್ನು ಕೊಲ್ಲುವುದಿಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗಲೇಬೇಕು. ಅದು ಸರಕಾರದ ಕ್ಷಯ ಕಾರ್ಯಕ್ರಮದಲ್ಲಿ ಉಚಿತ.

ಬಿಡದ ಬೆನ್ನುನೋವು, ರಾತ್ರಿ ಹೆಚ್ಚಾಗುವ ನೋವು, ಸಂಜೆಯ ಸಣ್ಣ ಜ್ವರ, ಇಳಿಯುವ ತೂಕ ಇವೆಲ್ಲ ಕೂಡಿ ಬಂದರೆ 'ವಯಸ್ಸಾಯಿತು' ಎನ್ನಬೇಡಿ. ನಮ್ಮ ರಾಜಾವಾಡಿ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕುರ್ಲಾದಲ್ಲಿ ಹಾರ್ಬರ್ ಲೈನಿನ ಗಾಡಿ ಹಿಡಿದರೆ ಶಿವಡಿಯ ಕ್ಷಯ ಆಸ್ಪತ್ರೆಯೂ ದೂರವಲ್ಲ.

ಅಕ್ಕನಿಗೆ ಮಾತ್ರೆಗಳೇ ಸಾಕಾದವು. ವರ್ಷ ಕಳೆಯುವಷ್ಟರಲ್ಲಿ ನಡೆದಾಡಿದರು. ಗೂನು ಮಾತ್ರ ಉಳಿಯಿತು. ಮದುವೆಮನೆಗೆ ಹೊರಟಾಗ ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಳ್ಳುತ್ತಿದ್ದರು.