ಕೆಲಸ ಕಡಿತದ ನೋಟಿಸು ಮತ್ತು ಪರಿಹಾರ: ಕೊಲ್ಹಾಪುರ ಸೀಮೆಯಲ್ಲಿ ನಡೆದುಬಂದ ದಾರಿ

ಆಳು ಹೆಚ್ಚಾಯಿತೆಂದು ಕಾರ್ಮಿಕರನ್ನು ಬಿಡಿಸುವ ಮಾಲೀಕರು ಮೊದಲೇ ತಿಳಿಸಿ ಪರಿಹಾರ ಕೊಡಬೇಕೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 1953ರ ಅಕ್ಟೋಬರ್ 24ರಿಂದ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿದ ಹೊಸ ಅಧ್ಯಾಯದಂತೆ, ವರ್ಷದಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಆ ತಿಂಗಳ ಪಗಾರ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಸಲ್ಲಬೇಕಿತ್ತು. ಕೊನೆಗೆ ಸೇರಿದವರನ್ನು ಮೊದಲು ಬಿಡಿಸಬೇಕಿತ್ತು. ಮತ್ತೆ ಜನ ಬೇಕಾದಾಗ ಬಿಡಿಸಿದವರನ್ನೇ ಮೊದಲು ಕರೆಯಬೇಕಿತ್ತು.

ಈ ಹಕ್ಕಿನ ಒಂದು ದೊಡ್ಡ ಪರೀಕ್ಷೆ ನಡೆದದ್ದು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ನೆರೆಯ ಮೀರಜ್‌ವರೆಗೆ ಓಡುತ್ತಿದ್ದ ಬಾರ್ಶಿ ಲೈಟ್ ರೈಲ್ವೆಯಲ್ಲಿ. 1954ರ ಜನವರಿ 1ರಂದು ಸರ್ಕಾರ ಅದನ್ನು ವಹಿಸಿಕೊಳ್ಳುವುದಿತ್ತು. ಕಂಪನಿ ಎಲ್ಲರಿಗೂ ನೋಟಿಸು ಕೊಟ್ಟಿತು, ಪರಿಹಾರ ಕೊಡಲಿಲ್ಲ. ನಡೆಯುತ್ತಿರುವ ಉದ್ಯಮದಲ್ಲಿ ಹೆಚ್ಚುವರಿ ಆಳುಗಳನ್ನು ಬಿಡಿಸಿದರಷ್ಟೇ ಅದು ಕಡಿತ, ಉದ್ಯಮವೇ ಮುಚ್ಚಿದರೆ ಅಲ್ಲ ಎಂದು ಸುಪ್ರೀಂ ಕೋರ್ಟು 1956ರ ನವೆಂಬರಿನಲ್ಲಿ ತೀರ್ಪಿತ್ತಿತು. ಬಾಗಿಲು ಹಾಕಿದವನಿಗೆ ಏನೂ ಹೊಣೆಯಿಲ್ಲವೆಂಬಂತಾಯಿತು. ಸಂಸತ್ತು 1957ರಲ್ಲಿ ಕಾಯ್ದೆ ತಿದ್ದಿ, ಮುಚ್ಚುವ ಉದ್ಯಮದಲ್ಲೂ ಪರಿಹಾರ ಸಿಗುವಂತೆ ಮಾಡಿತು. ಶಾಹು ಮಹಾರಾಜರು 1906ರಲ್ಲಿ ಕೊಲ್ಹಾಪುರದಲ್ಲಿ ಆರಂಭಿಸಿದ, 2003ರಲ್ಲಿ ನಿಂತ ಶಾಹು ಮಿಲ್ಲಿನಂಥ ಗಿರಣಿಗಳ ಕಾರ್ಮಿಕರಿಗೆ ಈ ತಿದ್ದುಪಡಿಯ ಬೆಲೆ ಗೊತ್ತಿರಬೇಕು.

ಇಚಲಕರಂಜಿಯ ಕಥೆ ಬೇರೆ. ಅಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಹೂಡಿದ ಮೊದಲ ವಿದ್ಯುತ್ ಮಗ್ಗದಿಂದ ಊರು ಬೆಳೆಯಿತು. ಗಡಿಯಾಚೆಯ ಕನ್ನಡಿಗರೂ ಅಲ್ಲಿ ದುಡಿಯುತ್ತಾರೆ. ನೇಯ್ದಷ್ಟಕ್ಕೆ ಕೂಲಿ, ಒಂದೇ ಕುಟುಂಬದ ಮಗ್ಗಗಳು ಹಲವು ಹೆಸರುಗಳಲ್ಲಿ ಹಂಚಿಹೋಗುವುದು ಈ ಉದ್ಯಮದ ರೂಢಿ. ಒಂದು ತಿಂಗಳ ನೋಟಿಸಿನ ಹಕ್ಕು ಸಣ್ಣ ಕಾರ್ಖಾನೆಗೂ ಅನ್ವಯಿಸುತ್ತದೆ, ಇದನ್ನು ಬಹಳ ಮಂದಿ ಅರಿಯರು. ಆದರೆ ಹಾಜರಿ ಪುಸ್ತಕವಿಲ್ಲದೆ 240 ದಿನ ತೋರಿಸುವುದೆಂತು? ಆ ರುಜುವಾತು ಕಾರ್ಮಿಕನ ಹೊಣೆಯೆಂದು ಕರ್ನಾಟಕದ ಅರಣ್ಯ ಇಲಾಖೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, 2005ರಲ್ಲಿ, ಕಾರ್ಮಿಕನು ಸಾಕ್ಷಿ ನುಡಿದು ಮಾಲೀಕರ ಹಾಜರಿ ದಾಖಲೆಯನ್ನು ತರಿಸಿಕೊಳ್ಳಬಹುದೆಂದಿತು. ಬದಲಿ, ತಾತ್ಕಾಲಿಕ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಇರಿಸಿಕೊಂಡು ಕಾಯಂ ಹಕ್ಕು ತಪ್ಪಿಸುವುದನ್ನು ಮಹಾರಾಷ್ಟ್ರದ 1971ರ ಕಾಯ್ದೆ ಅನುಚಿತ ಕಾರ್ಮಿಕ ಪದ್ಧತಿಯೆಂದು ಎಣಿಸಿತ್ತು.

ಅದೇ ಜಿಲ್ಲೆಯ ಗಡಹಿಂಗ್ಲಜ್ ಸಕ್ಕರೆಯ ಸೀಮೆ. ಕಬ್ಬು ನುರಿಸುವ ಹಂಗಾಮು ಮುಗಿದು ಹಂಗಾಮಿ ಕಾರ್ಮಿಕನು ಮನೆಗೆ ಹೋದರೆ ಅದು ಕಡಿತವಲ್ಲ. ಸಾತಾರಾ ಜಿಲ್ಲೆಯ ಕೃಷ್ಣಾ ಸಹಕಾರಿ ಕಾರ್ಖಾನೆಯ ಪ್ರಕರಣದಲ್ಲಿ 1997ರಲ್ಲಿ ಇದೇ ತೀರ್ಪಾಯಿತು. ಮುಂದಿನ ಹಂಗಾಮಿಗೆ ಕರೆ ಬಾರದಿದ್ದಾಗಲೇ ನಿಜವಾದ ಜಗಳ ಹುಟ್ಟುವುದು.

ದೊಡ್ಡ ಕಾರ್ಖಾನೆಗಳಿಗೆ 1976ರಲ್ಲಿ ಮೂರು ತಿಂಗಳ ನೋಟಿಸು, ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಮೊದಲು 300 ಕಾರ್ಮಿಕರ ಮಿತಿ. 1984ರಲ್ಲಿ 100ಕ್ಕೆ ಇಳಿಯಿತು. 1947ರ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮತ್ತೆ 300ಕ್ಕೆ ಏರಿಸಿದೆ. ಇದರಿಂದ ಮಧ್ಯಮ ಗಾತ್ರದ ಗಿರಣಿಗಳ ಕಾರ್ಮಿಕರಿಗೆ ನಷ್ಟವೇ. ಬಿಡಿಸಿದವರ ಖಾತೆಗೆ 45 ದಿನದೊಳಗೆ 15 ದಿನದ ವೇತನ ಸೇರಿಸುವ ಮರುಕೌಶಲ ನಿಧಿ ಹೊಸದು. ಜೊತೆಗೇ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಹತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ ಮಾಡಿದೆ. ಅದಕ್ಕಿಂತ ಸಣ್ಣ ಮಗ್ಗದ ಶೆಡ್ಡುಗಳಲ್ಲಿ ದಾಖಲೆಯ ಕೊರತೆ ಹಾಗೆಯೇ ಉಳಿದಿದೆ.