ಸಂಡೂರು ಗುಡ್ಡದ ನೀಲಿ

ನೀಲಕುರಿಂಜಿ ಎಂದರೆ ಮುನ್ನಾರಿನ ಹೂವು, ಬಹಳವಾದರೆ ಬಾಬಾಬುಡನ್‌ಗಿರಿಯದು ಎಂದುಕೊಳ್ಳುತ್ತೇವೆ. ಅಲ್ಲಿ 2018ರಲ್ಲಿ, ಇಲ್ಲಿ 2022ರಲ್ಲಿ ಅದು ಅರಳಿದಾಗ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ಆದರೆ ಸಸ್ಯಶಾಸ್ತ್ರ ಬಲ್ಲವರು ಕುರಿಂಜಿಯ ನೆಲೆಗಳನ್ನು ಹೇಳುವಾಗ ನಮ್ಮ ಸಂಡೂರಿನ ಗುಡ್ಡಗಳನ್ನೂ ಸೇರಿಸುತ್ತಾರೆ. ಬಳ್ಳಾರಿಯ ಬಿಸಿಲಲ್ಲಿ ಬೇಯುವ ನಮಗೆ ನಂಬುವುದು ಕಷ್ಟ. ಆದರೂ ರಾಮನದುರ್ಗ ಮೂರು ಸಾವಿರ ಅಡಿಗೂ ಎತ್ತರ. 19ನೇ ಶತಮಾನದಲ್ಲಿ ಬ್ರಿಟಿಷರು ತಮ್ಮ ಸಿಪಾಯಿಗಳನ್ನು ಆರೋಗ್ಯ ಸುಧಾರಿಸಲು ಅಲ್ಲಿಗೇ ಕಳಿಸುತ್ತಿದ್ದರು.

ಪಳನಿ ಬೆಟ್ಟದ ಪಳಿಯರು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಈ ಹೂವಿನಿಂದಲೇ ವಯಸ್ಸು ಎಣಿಸುತ್ತಿದ್ದರಂತೆ. ಮೂರು ಹೂವು ಕಂಡವಳೆಂದರೆ ಮಗಳ ಮದುವೆಯ ಚಿಂತೆ ಹಚ್ಚಿಕೊಂಡವಳು! ಇದನ್ನು ಓದಿ ನನಗೇನೂ ಆಶ್ಚರ್ಯವಾಗಲಿಲ್ಲ. ಸಿರುಗುಪ್ಪದ ನನ್ನ ತವರಿನಲ್ಲೂ ಇಸವಿ ಹೇಳುವವರಿರಲಿಲ್ಲ. ಕಾಲುವೆಗೆ ತುಂಗಭದ್ರೆಯ ನೀರು ಬಂದ ವರ್ಷ ದೊಡ್ಡಣ್ಣ ಹುಟ್ಟಿದ, ಅದಾದ ಮೂರನೇ ಭತ್ತದ ಸುಗ್ಗಿಗೆ ಅಕ್ಕ. ಕುರುಗೋಡಿನ ದೊಡ್ಡಮ್ಮನದು ದೊಡ್ಡಬಸವೇಶ್ವರನ ತೇರಿನ ಲೆಕ್ಕ.

ಕುರಿಂಜಿ ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಬೀಜ ಉಳಿಯುವುದು ಮೇಲ್ಮಣ್ಣಿನಲ್ಲಿ. ಮೊಳೆತ ಮೇಲೆ ವರ್ಷಗಟ್ಟಲೆ ಅದು ಬರೀ ಹಸಿರು ಪೊದೆ, ಯಾರೂ ತಿರುಗಿ ನೋಡುವುದಿಲ್ಲ. ಗಣಿ ಅಗೆಯುವಾಗ ಮೊದಲು ಹೋಗುವುದೂ ಆ ಮೇಲ್ಮಣ್ಣೇ. 2003ರ ಸುಮಾರಿಗೆ ಅದಿರಿನ ಬೆಲೆ ಏರಿತು, ಲಾರಿಗಳ ಸಾಲು ಬೆಳೆಯಿತು, ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಷರತ್ತಿನ ಮೇಲೆ ಮತ್ತೆ ಶುರುವಾಯಿತು, ಅದು ಬೇರೆ ಮಾತು. ನಾನು ಎಣಿಸಿದ್ದು ಇಷ್ಟು: ಆ ಭರಾಟೆಯ ಮೊದಲ ವರ್ಷ ಮೊಳೆತ ಕುರಿಂಜಿ, ಕೋರ್ಟಿನ ಆದೇಶ ಬಂದಾಗಲೂ ಇನ್ನೂ ಮೊಗ್ಗು ಕಂಡಿರಲಾರದು.

2024ರಲ್ಲಿ ದೇವದಾರಿ ಗುಡ್ಡದ ಗಣಿಯ ಮಾತೆದ್ದಾಗ, ಕಡಿಯಬೇಕಾದ ಮರಗಳು 99,000ಕ್ಕೂ ಹೆಚ್ಚು ಎಂದು ಪತ್ರಿಕೆಗಳಲ್ಲಿ ಬಂತು. ಮರಕ್ಕೆ ಸುತ್ತಳತೆ ಇದೆ, ನಂಬರು ಹಾಕಬಹುದು. ಮರದ ಲೆಕ್ಕದಲ್ಲಿ ಪೊದೆ ಬರುವುದಿಲ್ಲ. ಹೂವಿಲ್ಲದ ವರ್ಷ ಅಳೆಯಲು ಹೋದವರಿಗೆ ಅದು ಕಂಡರೂ ಕಂಡಂತಲ್ಲ.

ಸಂಡೂರು ಸೀಮೆಯಲ್ಲಿ ನಿಮಗೆ ನೆಂಟರಿದ್ದರೆ, ಗುಡ್ಡಕ್ಕೆ ಸೌದೆಗೋ ದನ ಮೇಯಿಸಲಿಕ್ಕೋ ಹೋಗಿಬಂದ ಹಿರಿಯ ಹೆಂಗಸರನ್ನು ಕೇಳಿ, ಗುಡ್ಡ ನೀಲಿಯಾದದ್ದು ಯಾವಾಗ ಎಂದು. ಇಂಥವಳ ಬಾಣಂತನದ ವರ್ಷ, ಇಂಥವರ ಮದುವೆಯ ವರ್ಷ ಎಂದಾರು. ಹಾಗೆಯೇ ಬರೆದಿಟ್ಟುಕೊಳ್ಳಿ, ಇಸವಿಯನ್ನು ಆಮೇಲೆ ಕೂತು ಹುಡುಕೋಣ.